ಬಾಟಲಿಯಲ್ಲಿ ದುಡಿಯುತ್ತಿರುವ ನಿಕ್ಕಲ್ ಯಾವುದು? ಪತ್ತೆ ಮಾಡುವುದು ಹೀಗೆ

ಶಿವಮೊಗ್ಗದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗಿನ ಮಾತು. ನಿಕ್ಕಲ್ ಇರುವ ಒಂದು ಅಣು ಹಾಕಿ, ಬೆಳಕಿನ ಬಲದಿಂದ ಹೈಡ್ರೋಜನ್ ಮಾಡುವ ಪ್ರಯೋಗ ನನ್ನದು. ಆಷಾಢದ ಮಳೆ. ಲ್ಯಾಬಿನ ಮೂಲೆಯಲ್ಲಿ ಎಲ್‌ಇಡಿ ದೀಪದ ಮುಂದೆ ಇಟ್ಟಿದ್ದ ನನ್ನ ಪುಟ್ಟ ಬಾಟಲಿಯಲ್ಲಿ ಹೈಡ್ರೋಜನ್ ಬರತೊಡಗಿತ್ತು. ಖುಷಿಯಿಂದ ಗ್ರಾಫ್ ಹಿಡಿದು ಮೇಷ್ಟ್ರ ಹತ್ತಿರ ಓಡಿದೆ. ಅವರು ಗ್ರಾಫ್ ನೋಡಲೇ ಇಲ್ಲ. ಬಾಟಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಗಾಜಿನ ಒಳಗೋಡೆಗೆ ಕಪ್ಪಗೆ, ತೆಳ್ಳಗೆ ಏನೋ ಅಂಟಿತ್ತು.

"ಮೊಸರಿನ ಗಡಿಗೆ ತೊಳೀದೆ ಹಾಲು ಹಾಕಿದ್ರೆ ಏನಾಗುತ್ತಪ್ಪಾ?"

"ಹೆಪ್ಪಾಗುತ್ತೆ ಸರ್."

"ಹಂಗಾದ್ರೆ ಇದಕ್ಕೂ ಹಾಲು ಹಾಕಿ ನೋಡು."

ಆ ಮಾತು ಅರ್ಥವಾಗಲು ನನಗೆ ಒಂದು ದಿನ ಬೇಕಾಯಿತು. ಹೈಡ್ರೋಜನ್ ಮಾಡುತ್ತಿರುವುದು ನಾವು ಹಾಕಿದ ಅಣುವೋ, ಅದು ಒಡೆದು ಗೋಡೆಗೆ ಅಂಟಿದ ನಿಕ್ಕಲ್ಲೋ ಎಂಬುದೇ ಪ್ರಶ್ನೆ. ನಿಮಗೆ ಅಷ್ಟು ಹೊತ್ತು ಹಿಡಿಯದಿರಲಿ ಎಂದು ಪತ್ತೆ ಮಾಡುವ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಇದು ಲ್ಯಾಬಿನ ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ. ಗಾಳಿಯಲ್ಲಿ ಶೇ 4ರಿಂದ 75ರಷ್ಟು ಹೈಡ್ರೋಜನ್ ಬೆರೆತಿದ್ದರೆ ಒಂದು ಕಿಡಿ ಸಾಕು.

ಹೆಜ್ಜೆ 1: ಬಾಟಲಿಯೊಳಗೆ ಯಾರ್ಯಾರು ಇದ್ದಾರೆ ನೋಡಿಕೊಳ್ಳಿ

ನೀರು ಬೆರೆತ ದ್ರಾವಣದಲ್ಲಿ ಮೂವರು ಇರುತ್ತಾರೆ. ಮೊದಲನೆಯದು ಬೆಳಕು ಹೀರುವ ಬಣ್ಣ. ನಾನು ಬಳಸಿದ್ದು ಫ್ಲೋರೆಸೀನ್, ಹಸಿರು ಮಿಂಚುವ ಹಳದಿ. ಎರಡನೆಯದು ಎಲೆಕ್ಟ್ರಾನ್ ಕೊಡುವ ದಾನಿ. ಇದಕ್ಕೆ ಟ್ರೈಈಥೈಲ್ ಅಮೀನ್ ಬಳಸುವುದು ರೂಢಿ. ಮುಚ್ಚಳ ತೆಗೆದರೆ ಸಾಕು, ಮೀನು ಮಾರ್ಕೆಟ್ ನೆನಪಾಗುತ್ತದೆ. ಮೂರನೆಯದು ನಿಕ್ಕಲ್ ಅಣು, ಅಂದರೆ ಕ್ಯಾಟಲಿಸ್ಟ್.

ಬಣ್ಣ ಬೆಳಕನ್ನು ಹೀರಿ ಕೆರಳುತ್ತದೆ. ಕೆರಳಿದ ಬಣ್ಣ ದಾನಿಯಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಂಡು ನಿಕ್ಕಲ್ ಕೈಗೆ ದಾಟಿಸುತ್ತದೆ. ಆದರೆ ಒಂದು ಹೈಡ್ರೋಜನ್ ಅಣು ಆಗಲು ಎರಡು ಎಲೆಕ್ಟ್ರಾನ್, ಎರಡು ಪ್ರೋಟಾನ್ ಬೇಕು. ಬಣ್ಣ ಒಂದು ಸಲಕ್ಕೆ ಕೊಡುವುದು ಒಂದೇ ಎಲೆಕ್ಟ್ರಾನ್. ಎರಡನೆಯದು ಬರುವ ತನಕ ಮೊದಲನೆಯದನ್ನು ಜೋಪಾನ ಮಾಡಬೇಕು, ನಡುವೆ ಪ್ರೋಟಾನ್‌ನನ್ನೂ ಹಿಡಿದಿಟ್ಟುಕೊಳ್ಳಬೇಕು. ನಿಕ್ಕಲ್‌ನ ಕಷ್ಟ ಇರುವುದೇ ಇಲ್ಲಿ.

ಕ್ಯಾಟಲಿಸ್ಟ್ ಅಂದರೆ ನಮ್ಮ ಅಡಿಕೆ ಸುಲಿಯುವ ಮೆಟ್ಟುಗತ್ತಿ ಇದ್ದ ಹಾಗೆ. ಸುಲಿದಷ್ಟೂ ಸುಲಿಯುತ್ತದೆ, ತಾನು ಖರ್ಚಾಗುವುದಿಲ್ಲ. ಆದರೆ ಮೊಂಡಾಗುತ್ತದೆ.

ನಿಕ್ಕಲ್ಲೇ ಯಾಕೆ? ಈ ಕೆಲಸಕ್ಕೆ ಪ್ಲಾಟಿನಂ ಚೆನ್ನಾಗಿದೆ, ಆದರೆ ಅದರ ಬೆಲೆ ಗೊತ್ತಲ್ಲ. ಇನ್ನೊಂದು ಕಾರಣವೂ ಇದೆ. ಕೆಲವು ಸೂಕ್ಷ್ಮಜೀವಿಗಳಲ್ಲಿ ಹೈಡ್ರೋಜನ್ ಜೊತೆ ವ್ಯವಹರಿಸುವ ಹೈಡ್ರೋಜಿನೇಸ್ ಎಂಬ ಕಿಣ್ವ ಇದೆ. ಅದಕ್ಕೆ ಹೆಸರು ಬಂದದ್ದು 1931ರಲ್ಲಿ. ಅದರ ಒಂದು ಬಗೆಯ ನಡುಮಧ್ಯೆ ಕೂತಿರುವುದು ನಿಕ್ಕಲ್ ಮತ್ತು ಕಬ್ಬಿಣ. ಜೀವಿಗಳಿಗೆ ಸಾಧ್ಯವಾದದ್ದು ನಮಗೂ ಆಗಬೇಕಲ್ವಾ ಎಂಬ ಆಸೆ.

ಹೆಜ್ಜೆ 2: ಗಾಳಿ ಓಡಿಸಿ

ರಬ್ಬರ್ ಬಿರಡೆಗೆ ಸೂಜಿ ಚುಚ್ಚಿ, ಅರ್ಧ ಗಂಟೆ ನೈಟ್ರೋಜನ್ ಹಾಯಿಸಿ. ಆಮ್ಲಜನಕ ಉಳಿದರೆ ಕೆರಳಿದ ಬಣ್ಣವನ್ನು ತಣ್ಣಗೆ ಮಾಡುತ್ತದೆ, ನಿಕ್ಕಲ್‌ಗೆ ಹೋಗಬೇಕಾದ ಎಲೆಕ್ಟ್ರಾನನ್ನೂ ನುಂಗುತ್ತದೆ. ಆಮೇಲೆ ದೀಪ ಹಚ್ಚಿ. ಮಲೆನಾಡಿನ ಜುಲೈ ಬಿಸಿಲನ್ನು ನಂಬಿ ಕೂತರೆ ಕೆಲಸ ಆಗದು. ಫ್ಲೋರೆಸೀನ್ ಹೆಚ್ಚು ಹೀರುವುದು 490 ನ್ಯಾನೊಮೀಟರ್ ಸುತ್ತಲಿನ ಬೆಳಕನ್ನು. ಅದಕ್ಕೆ ಹೊಂದುವ ಎಲ್‌ಇಡಿ ಇರಲಿ, ಪಕ್ಕದಲ್ಲೊಂದು ಫ್ಯಾನ್ ಇರಲಿ. ದೀಪದ ಕಾವಿಗೂ ಫಲಿತಾಂಶ ಏರುಪೇರಾಗುತ್ತದೆ.

ಹೆಜ್ಜೆ 3: ಅಳೆಯಿರಿ, ಆದರೆ ಲೆಕ್ಕದಲ್ಲಿ ಮೋಸ ಹೋಗಬೇಡಿ

ಬಾಟಲಿಯ ಖಾಲಿ ಜಾಗದಿಂದ ಸಿರಿಂಜಿನಲ್ಲಿ ಒಂದಿಷ್ಟು ಅನಿಲ ತೆಗೆದು ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ಗೆ, ಅಂದರೆ ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರಕ್ಕೆ ಹಾಕಬೇಕು.

ಒಂದು ಲೆಕ್ಕ ಮಾಡೋಣ. ಬಾಟಲಿಗೆ ಹಾಕಿದ ನಿಕ್ಕಲ್ ಅಣು 1 ಮೈಕ್ರೋಮೋಲ್ (ಅಣುಗಳನ್ನು ಎಣಿಸುವ ಅಳತೆ ಇದು). ಬಂದ ಹೈಡ್ರೋಜನ್ 2.45 ಮಿಲಿಲೀಟರ್. ಮಾಮೂಲಿ ಒತ್ತಡದಲ್ಲಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 100 ಮೈಕ್ರೋಮೋಲ್. ಅಂದರೆ ಒಂದೊಂದು ನಿಕ್ಕಲ್ ಅಣುವೂ 100 ಹೈಡ್ರೋಜನ್ ಅಣು ಮಾಡಿದೆ. ಇದಕ್ಕೆ ಟರ್ನೋವರ್ ನಂಬರ್ ಎನ್ನುತ್ತಾರೆ. ಒಂದು ಮೆಟ್ಟುಗತ್ತಿ ಮೊಂಡಾಗುವ ತನಕ ಎಷ್ಟು ಅಡಿಕೆ ಸುಲಿಯಿತು ಎಂಬ ಹಾಗೆ. ಗಂಟೆಗೆ ಎಷ್ಟು ಸುಲಿಯಿತು ಎಂಬುದು ಬೇರೆ ಲೆಕ್ಕ, ಅದು ಟರ್ನೋವರ್ ಫ್ರೀಕ್ವೆನ್ಸಿ.

ಈಗ ನಿಕ್ಕಲ್ ಅನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ. ಹೈಡ್ರೋಜನ್ ಅರ್ಧಕ್ಕಷ್ಟೇ ಇಳಿಯಿತು ಅನ್ನಿ. ಟರ್ನೋವರ್ 500! ಕ್ಯಾಟಲಿಸ್ಟ್ ಐದು ಪಟ್ಟು ಚುರುಕಾಯಿತೇ? ಇಲ್ಲ. ಮೊದಲು ಹತ್ತು ಕತ್ತಿ ಇಟ್ಟುಕೊಂಡು, ಅಡಿಕೆ ಸಾಲದೆ ಹಲವರು ಸುಮ್ನೆ ಕೂತಿದ್ದರು, ಅಷ್ಟೆ. ಹಾಗಾಗಿ ದೊಡ್ಡ ಟರ್ನೋವರ್ ಸಂಖ್ಯೆ ಕಂಡಾಗ, ಒಟ್ಟು ಎಷ್ಟು ಹೈಡ್ರೋಜನ್ ಬಂತು ಎಂದೂ ನೋಡಿ.

ಹೆಜ್ಜೆ 4: ಗ್ರಾಫ್‌ನ ಮೈಕಟ್ಟು ಓದಿ

ಸಮಯ ಅಡ್ಡಕ್ಕೆ, ಹೈಡ್ರೋಜನ್ ಉದ್ದಕ್ಕೆ. ಗೆರೆ ಮೊದಲ ನಿಮಿಷದಿಂದಲೇ ನೇರ ಏರಿದರೆ, ಹಾಕಿದ ಅಣುವೇ ಕೆಲಸಕ್ಕೆ ಇಳಿದಿರಬಹುದು. ಮೊದಲು ತೆಪ್ಪಗಿದ್ದು ಆಮೇಲೆ ಏರಿದರೆ ಅನುಮಾನ ಬರಬೇಕು. ಆ ಮೌನದ ಹೊತ್ತಿನಲ್ಲಿ ನಿಮ್ಮ ಅಣು ಇನ್ನೇನೋ ಆಗಿ ಬದಲಾಗುತ್ತಿರಬಹುದು. ನನ್ನ ಗ್ರಾಫ್‌ನಲ್ಲಿ ಮೊದಲ ನಲವತ್ತು ನಿಮಿಷ ಏನೂ ಇರಲಿಲ್ಲ. ಯಂತ್ರದ ತಪ್ಪು ಅಂದುಕೊಂಡು ಆ ಭಾಗವನ್ನೇ ಕತ್ತರಿಸಿ ಪ್ರಿಂಟ್ ತೆಗೆದಿದ್ದೆ. ಮಾಡಬಾರದ ಕೆಲಸ.

ಕೊನೆಗೆ ಗೆರೆ ಮಲಗುತ್ತದೆ. ಯಾರೋ ಸತ್ತಿದ್ದಾರೆ. ಯಾರು? ಹೊಸದಾಗಿ ಒಂದಿಷ್ಟು ಬಣ್ಣ ಹಾಕಿ ನೋಡಿ. ಗೆರೆ ಮತ್ತೆ ಎದ್ದರೆ ಸತ್ತದ್ದು ಬಣ್ಣ, ನಿಕ್ಕಲ್ ಅಲ್ಲ. ಫ್ಲೋರೆಸೀನ್‌ನಂಥ ಬಣ್ಣಗಳು ಬೆಳಕಿಗೆ ಬಹಳ ಹೊತ್ತು ತಡೆಯುವುದಿಲ್ಲ. ಏಳದಿದ್ದರೆ ಇನ್ನೊಂದು ಬಾಟಲಿಯಲ್ಲಿ ನಿಕ್ಕಲ್ ಸೇರಿಸಿ ನೋಡಿ. ಹಾಗೇ ದಾನಿ.

ನಡುವೆ ಗೆರೆ ಮೆಟ್ಟಿಲಿನ ಹಾಗೆ ಚಪ್ಪಟೆಯಾಗಿದ್ದರೆ ಮಾತ್ರ ಗಾಬರಿ ಬೇಡ. ಮಳೆಗೆ ಎಲ್ಲೋ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಗಿರುತ್ತದೆ. ಅದರಲ್ಲೂ ಲಾಭ ಇದೆ. ಕತ್ತಲಲ್ಲಿ ನಿಂತು, ಬೆಳಕು ಬಂದಾಗ ಶುರುವಾದರೆ ಇದು ಬೆಳಕಿನದೇ ಕೆಲಸ ಎಂದು ಗೊತ್ತಾಯಿತು.

ಹೆಜ್ಜೆ 5: ಖಾಲಿ ಬಾಟಲಿಗಳು

ಬೇಜಾರಿನ ಕೆಲಸ, ಬಿಡುವಂತಿಲ್ಲ. ಬಣ್ಣ ಇಲ್ಲದ್ದು, ದಾನಿ ಇಲ್ಲದ್ದು, ನಿಕ್ಕಲ್ ಇಲ್ಲದ್ದು, ಬೆಳಕಿಲ್ಲದ್ದು ಒಂದೊಂದು ಇಡಿ. ಐದನೆಯದು ಎಲ್ಲಕ್ಕಿಂತ ಮುಖ್ಯ: ನಿಮ್ಮ ಚಂದದ ಅಣುವಿನ ಬದಲು ಬರೀ ನಿಕ್ಕಲ್ ಕ್ಲೋರೈಡ್ ಹಾಕಿದ್ದು. ಅದೂ ಅಷ್ಟೇ ಹೈಡ್ರೋಜನ್ ಕೊಟ್ಟರೆ, ತಿಂಗಳುಗಟ್ಟಲೆ ಕೂತು ಅಣು ಕಟ್ಟಿದ್ದು ಯಾಕೆ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಹೆಜ್ಜೆ 6: ತೊಳೆಯದ ಗಡಿಗೆಯ ಪರೀಕ್ಷೆ

ಅಣುವಿನಲ್ಲಿ ನಿಕ್ಕಲ್ ಒಂಟಿಯಾಗಿ ಇರುವುದಿಲ್ಲ. ಗಂಧಕ, ಸಾರಜನಕ, ರಂಜಕದ ತುದಿಗಳುಳ್ಳ ಲಿಗಾಂಡ್‌ಗಳು ಅದನ್ನು ಸುತ್ತಲಿಂದ ಹಿಡಿದಿರುತ್ತವೆ. ಎಲೆಕ್ಟ್ರಾನ್ ತುಂಬಿದಂತೆ ಆ ಹಿಡಿತ ಸಡಿಲವಾಗಬಹುದು. ಲಿಗಾಂಡ್ ಜಾರಿತೋ, ಬರಿಮೈ ನಿಕ್ಕಲ್‌ಗಳು ಒಂದನ್ನೊಂದು ಹುಡುಕಿಕೊಂಡು ಲೋಹದ ನ್ಯಾನೊ ಕಣಗಳಾಗುತ್ತವೆ. ತಮಾಷೆ ಏನೆಂದರೆ ಆ ಕಣಗಳೂ ಹೈಡ್ರೋಜನ್ ಮಾಡಬಲ್ಲವು. ಅಣು ಸತ್ತಿರುತ್ತದೆ, ಗ್ರಾಫ್ ಏರುತ್ತಲೇ ಇರುತ್ತದೆ.

ಪತ್ತೆ ಮಾಡುವುದು ಸುಲಭ. ದ್ರಾವಣ ಚೆಲ್ಲಿ. ಬಾಟಲಿಯನ್ನು ನೀರಿನಲ್ಲಿ ಮೆಲ್ಲಗೆ ಗಲಬರಿಸಿ, ಉಜ್ಜಬೇಡಿ. ಹೊಸ ಬಣ್ಣ, ಹೊಸ ದಾನಿ ಹಾಕಿ. ನಿಕ್ಕಲ್ ಮಾತ್ರ ಹಾಕಬೇಡಿ. ನೈಟ್ರೋಜನ್ ಹಾಯಿಸಿ, ದೀಪ ಹಚ್ಚಿ. ಹೈಡ್ರೋಜನ್ ಬಂದರೆ ಗಡಿಗೆಯಲ್ಲಿ ಹೆಪ್ಪು ಉಳಿದಿತ್ತು ಎಂದರ್ಥ. ಬರದಿದ್ದರೆ ಅಣು ಪಾಸು ಎಂದೇನಲ್ಲ. ಕಣಗಳು ಗೋಡೆಗೆ ಅಂಟದೆ ದ್ರಾವಣದಲ್ಲೇ ತೇಲುತ್ತಿರಬಹುದು. ಅದಕ್ಕೆ ಬೆಳಕು ಚದುರಿಸಿ ಕಣ ಅಳೆಯುವ ಯಂತ್ರ ಬೇಕು, ಇಲ್ಲವೇ ಎಲೆಕ್ಟ್ರಾನ್ ಮೈಕ್ರೋಸ್ಕೋಪ್.

ಪಾದರಸದ ಹನಿ ಹಾಕಿ ನೋಡುವ ಹಳೆಯ ಉಪಾಯವೂ ಇದೆ. ಲೋಹದ ಕಣಗಳನ್ನು ಪಾದರಸ ಹಿಡಿದುಕೊಂಡು ಕೆಲಸ ನಿಲ್ಲಿಸಬೇಕು ಎಂಬುದು ಲೆಕ್ಕ. ನಿಕ್ಕಲ್ ವಿಷಯದಲ್ಲಿ ನಾನು ಅದನ್ನು ಅಷ್ಟಾಗಿ ನಂಬುವುದಿಲ್ಲ. ನಿಕ್ಕಲ್ ಪಾದರಸದಲ್ಲಿ ಸುಲಭಕ್ಕೆ ಕರಗುವ ಲೋಹವಲ್ಲ.

ಹಾಗಂತ ನಿಕ್ಕಲ್ ಅಣುಗಳೆಲ್ಲ ಕೈಕೊಡುತ್ತವೆ ಎಂದಲ್ಲ. 2011ರಲ್ಲಿ ಅಮೆರಿಕದ ಒಂದು ತಂಡ ರಂಜಕ, ಸಾರಜನಕದ ಲಿಗಾಂಡ್ ಇರುವ ನಿಕ್ಕಲ್ ಅಣುವಿನಿಂದ ಸೆಕೆಂಡಿಗೆ ಒಂದು ಲಕ್ಷಕ್ಕೂ ಜಾಸ್ತಿ ಟರ್ನೋವರ್ ಪಡೆಯಿತು. ಅದು ಬೆಳಕಿನಿಂದಲ್ಲ, ವಿದ್ಯುತ್ತಿನಿಂದ. ಲೋಹದ ಪಕ್ಕದಲ್ಲೇ ಇರುವ ಸಾರಜನಕ ಪ್ರೋಟಾನನ್ನು ಹಿಡಿದು ನಿಕ್ಕಲ್‌ಗೆ ಕೊಡುತ್ತದೆ, ಗುಟ್ಟು ಅದು. ಮರುವರ್ಷ ರಾಚೆಸ್ಟರ್ ವಿಶ್ವವಿದ್ಯಾಲಯದವರು ಬೇಗ ಸಾಯುವ ಬಣ್ಣವನ್ನೇ ಬಿಟ್ಟು ಕ್ಯಾಡ್ಮಿಯಂ ಸೆಲೆನೈಡ್‌ನ ಕ್ವಾಂಟಮ್ ಚುಕ್ಕಿಗಳನ್ನು, ಅಂದರೆ ಬೆಳಕು ಹೀರುವ ನ್ಯಾನೊ ಹರಳುಗಳನ್ನು ಬಳಸಿದರು. ದಾನಿಯಾಗಿ ಹಾಕಿದ್ದು ನೆಲ್ಲಿಕಾಯಿಯಲ್ಲಿರುವ ಅದೇ ಸಿ ವಿಟಮಿನ್. ನೀರಿನಲ್ಲಿ, ಬೆಳಕಿನಲ್ಲಿ, 360 ಗಂಟೆ ಕುಂದದೆ ನಡೆಯಿತು. ಟರ್ನೋವರ್ 6 ಲಕ್ಷ ದಾಟಿತು. ಅಲ್ಲೂ ದಾನಿ ಖರ್ಚಾಗುತ್ತದೆ ಎಂಬುದು ನೆನಪಿರಲಿ. ಎಲೆಕ್ಟ್ರಾನ್ ನೀರಿನಿಂದಲೇ ಬರುವ ತನಕ ಇದು ಅರ್ಧ ಕೆಲಸ.

ನನ್ನ ಬಾಟಲಿಯ ಕಥೆಗೆ ಬರುತ್ತೇನೆ. ಮರುದಿನ ಗಲಬರಿಸಿ, ನಿಕ್ಕಲ್ ಹಾಕದೆ ದೀಪದ ಮುಂದೆ ಇಟ್ಟೆ. ಹೈಡ್ರೋಜನ್ ಬಂತು. ಅದೂ ಮೊದಲ ಅಳತೆಯಲ್ಲೇ ಬಂತು, ಹಿಂದಿನ ದಿನದ ನಲವತ್ತು ನಿಮಿಷದ ಮೌನವೂ ಇಲ್ಲ. ಹೋಗಿ ಹೇಳಿದೆ. ಮೇಷ್ಟ್ರು ಈ ಸಲ ಗ್ರಾಫ್ ತೆಗೆದುಕೊಂಡು ನೋಡಿದರು.

"ಕತ್ತರಿಸಿದ ತುಂಡು ಎಲ್ಲಿ?" ಎಂದು ಕೇಳಿದರು. ಕಂಪ್ಯೂಟರಿನಲ್ಲಿದೆ ಎಂದೆ.

"ಅದನ್ನ ವಾಪಸ್ ಅಂಟಿಸು. ಬಾಟಲಿನ ಚೆನ್ನಾಗಿ ನೀರಲ್ಲಿ ತೊಳ್ದು, ಆಮೇಲೆ ನೈಟ್ರಿಕ್ ಆಸಿಡ್‌ನಲ್ಲಿ ನೆನೆಹಾಕು. ನಾಳೆ ಅದೇ ಬಾಟಲಿ ಬೇಕಲ್ಲ."