ಕೆಲಸ ಹೋಗುವ ಮೊದಲೇ ಮಾಡಿಟ್ಟುಕೊಳ್ಳಬೇಕಾದ ಕೆಲಸಗಳು

2023ರಲ್ಲಿ ಒಂದು ಬೆಳಗ್ಗೆ ನನ್ನ ಕ್ಯಾಲೆಂಡರ್‌ಗೆ ಹದಿನೈದು ನಿಮಿಷದ ಮೀಟಿಂಗ್ ಬಂದು ಕೂತಿತ್ತು. ವಿಷಯ ಬರೆದಿರಲಿಲ್ಲ. ಎಚ್‌ಆರ್‌ನವರು ನನ್ನನ್ನು ಕೆಲಸದಿಂದ ತೆಗೆದ ಪತ್ರ ಓದಿದರು, ನಾನು ಕೇಳಿಸಿಕೊಂಡೆ, ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಲಾಕ್ ಆಗಿತ್ತು. ಆರು ವರ್ಷ ಮಾಡಿದ ಸಾಫ್ಟ್‌ವೇರ್ ಕೆಲಸವೆಲ್ಲ ಅದರೊಳಗೇ ಉಳಿಯಿತು. ಮಾರನೇ ದಿನ ರೆಸ್ಯೂಮೆ ಬರೆಯಲು ಕೂತರೆ ಒಂದೇ ಒಂದು ಅಂಕಿ ನೆನಪಿಗೆ ಬರಲಿಲ್ಲ. ಕೆಲಸ ಹೋದದ್ದಕ್ಕಿಂತ ಜಾಸ್ತಿ ನೋವಾಗಿದ್ದು ಅದಕ್ಕೆ.

ಈಗ ಮತ್ತೆ ಕೆಲಸದಲ್ಲಿದ್ದೇನೆ. ಯಾವ ಕಂಪನಿಯೂ ನಮ್ಮ ಕೆಲಸಕ್ಕೆ ಗ್ಯಾರಂಟಿ ಕೊಡುವುದಿಲ್ಲ. ಆದರೆ ಇಲ್ಲಿ ಹೋದರೆ ಇನ್ನೊಂದು ಕಡೆ ಬೇಗ ಸಿಗುವ ಹಾಗೆ ನಾವು ತಯಾರಾಗಿರಬಹುದು, ಮತ್ತು ಅದನ್ನು ಸಂಬಳ ಬರುತ್ತಿರುವಾಗಲೇ ಮಾಡಬೇಕು.

ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ, ನಿಮ್ಮ ಸ್ವಂತದ್ದು. ಪ್ರತಿ ಶುಕ್ರವಾರ ಸಂಜೆ ಹತ್ತು ನಿಮಿಷ ಕೂತು ಆ ವಾರ ಏನು ಕೆಟ್ಟಿತ್ತು, ಯಾಕೆ ಕೆಟ್ಟಿತ್ತು, ನೀವೇನು ಮಾಡಿದಿರಿ, ಎಷ್ಟು ಬದಲಾಯಿತು ಅಂತ ಬರೆಯಿರಿ. ‘ರಿಪೋರ್ಟ್ ತೆರೆಯಲು 9 ಸೆಕೆಂಡ್ ಆಗುತ್ತಿತ್ತು. ಡೇಟಾ ಬೇಗ ಹುಡುಕಲು ಬೇಕಾದ ಇಂಡೆಕ್ಸ್ ಇರಲಿಲ್ಲ. ಹಾಕಿದ ಮೇಲೆ 1 ಸೆಕೆಂಡಿಗಿಂತ ಕಡಿಮೆ.’ ಇಷ್ಟು ಸಾಕು. ಕಂಪನಿಯ ಕೋಡ್, ಗ್ರಾಹಕರ ಹೆಸರು, ಒಳಗಿನ ಫೈಲ್ ಯಾವುದನ್ನೂ ಹೊರಗೆ ತರಬೇಡಿ, ಅದು ಒಪ್ಪಂದಕ್ಕೆ ವಿರುದ್ಧ. ನಿಮ್ಮ ಮಾತಿನಲ್ಲಿ ನೀವು ಕಲಿತದ್ದನ್ನು ಬರೆದುಕೊಳ್ಳಿ.

ಎರಡನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ನಿಮ್ಮ ಕೋಡ್ ಯಾವ ವ್ಯವಹಾರಕ್ಕೆ ಓಡುತ್ತಿದೆಯೋ ಆ ವ್ಯವಹಾರವನ್ನು ಕಲಿಯಿರಿ.

ಒಂದು ಉದಾಹರಣೆ ಹೇಳುತ್ತೇನೆ. ಹಿಂದೆ ನಮ್ಮ ತಂಡಕ್ಕೆ ಪ್ರತಿ ತಿಂಗಳೂ ಒಂದೇ ದೂರು ಬರುತ್ತಿತ್ತು, ತಿಂಗಳ ಕೊನೆಯ ಲೆಕ್ಕ ಬ್ಯಾಂಕಿನ ಲೆಕ್ಕಕ್ಕೆ ತಾಳೆಯಾಗುವುದಿಲ್ಲ ಅಂತ. ಯಾರು ನೋಡಿದರೂ ಕೋಡ್ ಸರಿಯಾಗಿಯೇ ಕಾಣುತ್ತಿತ್ತು. ಕೊನೆಗೆ ನಾನು ಅಕೌಂಟ್ಸ್ ವಿಭಾಗದ ಒಬ್ಬರ ಪಕ್ಕ ಅರ್ಧ ದಿನ ಕೂತೆ. ಅವರು ತಾಳೆಯಾಗದ ಎಂಟ್ರಿಗಳ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋದರು. ಎಲ್ಲವೂ ಮಧ್ಯರಾತ್ರಿಯಿಂದ ಬೆಳಗಿನ ಜಾವ ಐದೂವರೆಯೊಳಗೆ ಬಂದ ಹಣ! ಸರ್ವರ್ ಓಡುತ್ತಿದ್ದದ್ದು ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿ, ಅದು ನಮಗಿಂತ ಐದೂವರೆ ಗಂಟೆ ಹಿಂದೆ. ನಮಗೆ 1ನೇ ತಾರೀಖು ಬೆಳಗಿನ ಜಾವ ಎರಡು ಗಂಟೆಯಾದರೂ ಸರ್ವರ್‌ಗೆ ಅದಿನ್ನೂ ಹಿಂದಿನ ತಿಂಗಳ ಕೊನೇ ದಿನ. ಸರಿ ಮಾಡಿದ್ದು ಎರಡು ಸಾಲಿನಲ್ಲಿ. ಆ ಎರಡು ಸಾಲನ್ನು ಇವತ್ತು ಎಐ ಕಣ್ಣು ಮಿಟುಕಿಸುವಷ್ಟರಲ್ಲಿ ಬರೆದುಕೊಡುತ್ತದೆ. ಆದರೆ ಯಾವ ತಾರೀಖು ಲೆಕ್ಕಕ್ಕೆ ಬರಬೇಕು, ತಪ್ಪಿದರೆ ಯಾರಿಗೆ ತೊಂದರೆ ಅನ್ನುವುದು ಗೊತ್ತಿದ್ದದ್ದು ಪೆನ್ಸಿಲ್ ಹಿಡಿದಿದ್ದ ಅವರಿಗೆ.

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳನ್ನೆಲ್ಲ ಬದಲಾಯಿಸಬೇಕಾಯಿತು. ರಾಜ್ಯದೊಳಗೆ ಮಾರಿದರೆ ಕೇಂದ್ರದ ಪಾಲು ಸಿಜಿಎಸ್‌ಟಿ ಮತ್ತು ರಾಜ್ಯದ ಪಾಲು ಎಸ್‌ಜಿಎಸ್‌ಟಿ, ಹೊರರಾಜ್ಯಕ್ಕಾದರೆ ಎರಡರ ಬದಲು ಒಂದೇ ಐಜಿಎಸ್‌ಟಿ. ಕೇಳಲು ಸುಲಭ, ಆದರೆ ವಾಪಸ್ ಬಂದ ಸರಕು, ಅರ್ಧ ಕಟ್ಟಿದ ಮುಂಗಡ ಅಂತ ಒಳಗೆ ಇಳಿದಷ್ಟೂ ಆಳ. ಕೋಡ್ ಮತ್ತು ತೆರಿಗೆ ಎರಡೂ ಗೊತ್ತಿದ್ದವರು ಇಂಥ ಹೊತ್ತಿನಲ್ಲಿ ಬೇಕೇ ಬೇಕಾಗುತ್ತಾರೆ. ನಿಮ್ಮದು ಆಸ್ಪತ್ರೆಯೋ ಲಾಜಿಸ್ಟಿಕ್ಸೋ, ಯಾವುದಾದರೂ ಸರಿ, ತಿಂಗಳಿಗೊಮ್ಮೆ ಅದನ್ನು ಬಳಸುವವರ ಪಕ್ಕ ಕೂತು ಸುಮ್ನೆ ನೋಡಿ.

ಇನ್ನೊಂದು ವಿಷಯ. ‘ಈ ಮಾಡ್ಯೂಲ್ ನನಗೊಬ್ಬನಿಗೇ ಗೊತ್ತು, ನನ್ನನ್ನು ತೆಗೆಯಲು ಆಗುವುದಿಲ್ಲ’ ಅಂದುಕೊಂಡವರು ತುಂಬಾ ಜನ. ದಯವಿಟ್ಟು ಇದನ್ನು ನಂಬಬೇಡಿ. ದೊಡ್ಡ ಲೇಆಫ್‌ನಲ್ಲಿ ಪಟ್ಟಿ ಮಾಡುವವರು ಎಷ್ಟೋ ಸಲ ನಿಮ್ಮ ಹೆಸರನ್ನೇ ಕೇಳಿರುವುದಿಲ್ಲ, ಅವರ ಮುಂದೆ ಇರುವುದು ಸಂಬಳದ ಅಂಕಿ ಮತ್ತು ಪ್ರಾಜೆಕ್ಟ್ ಹೆಸರು. ಅದರ ಬದಲು ಬರೆದಿಡಿ, ಜೂನಿಯರ್‌ಗಳಿಗೆ ಹೇಳಿಕೊಡಿ. ನನಗೆ ಕೆಲಸ ಹೋದ ವಾರ ಮೊದಲು ಫೋನ್ ಮಾಡಿದ್ದು ನಾಲ್ಕು ವರ್ಷದ ಹಿಂದೆ ನಾನು ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಹೇಳಿಕೊಟ್ಟಿದ್ದ ಹುಡುಗಿ. ಈಗಿನ ಕೆಲಸ ಅವಳ ರೆಫರಲ್‌ನಿಂದಲೇ ಸಿಕ್ಕಿದ್ದು.

ವರ್ಷಕ್ಕೊಂದು ಇಂಟರ್‌ವ್ಯೂ ಕೊಡಿ, ಬದಲಾಯಿಸುವ ಮನಸ್ಸಿಲ್ಲದಿದ್ದರೂ.

ಇನ್ನು ದುಡ್ಡು. ಆರು ತಿಂಗಳ ಮನೆ ಖರ್ಚು, ಇಎಂಐ ಸೇರಿಸಿ, ಪಕ್ಕಕ್ಕಿಡಿ. ಒಂದೇ ಸಲ ಆಗುವುದಿಲ್ಲ, ತಿಂಗಳಿಗಿಷ್ಟು ಅಂತ ಹಾಕುತ್ತಾ ಹೋಗಿ. ಸ್ವಂತ ಆರೋಗ್ಯ ವಿಮೆ ಈಗಲೇ ಮಾಡಿಸಿ. ಕಂಪನಿಯ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಮುಗಿಯುತ್ತದೆ, ಅದರಲ್ಲಿದ್ದ ಅಪ್ಪ ಅಮ್ಮನ ರಕ್ಷಣೆಯೂ ಹೋಗುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಆಗುವುದಿಲ್ಲ ಅಲ್ವಾ? ಪಿಎಫ್ ಖಾತೆಯಲ್ಲಿ ನಿಮ್ಮ ಹೆಸರು, ಹುಟ್ಟಿದ ತಾರೀಖು ಆಧಾರ್‌ಗೆ ಹೊಂದುತ್ತದಾ ಅಂತಲೂ ನೋಡಿಬಿಡಿ.

ಕೊನೆಗೆ ಆ ಹದಿನೈದು ನಿಮಿಷದ ಮೀಟಿಂಗ್ ಬಂದೇ ಬಂತು ಅಂದುಕೊಳ್ಳಿ. ‘ಈಗಲೇ ರಾಜೀನಾಮೆ ಕೊಡಿ’ ಅಂದರೆ ಅಲ್ಲೇ ಕೂತು ಕೊಡಬೇಡಿ. ನೀವಾಗಿ ಬಿಡುವುದಕ್ಕೂ ಅವರು ತೆಗೆಯುವುದಕ್ಕೂ ಕಾನೂನಿನಲ್ಲಿ ಬಹಳ ವ್ಯತ್ಯಾಸವಿದೆ. ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ, ಓದಲು ಸಮಯ ಕೇಳಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಬಿಟ್ಟರೂ ತೆಗೆದರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಬೆಂಗಳೂರಿನಲ್ಲಿ ಐಟಿಯವರಿಗೆಂದೇ ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ ಇದೆ, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕಾರ್ಮಿಕ ಇಲಾಖೆ ಇದೆ. ಆಫರ್ ಲೆಟರ್, ಸಂಬಳದ ಸ್ಲಿಪ್, ಫಾರ್ಮ್ 16 (ಸಂಬಳದಲ್ಲಿ ಹಿಡಿದ ತೆರಿಗೆಯ ಪ್ರಮಾಣಪತ್ರ) ಇವುಗಳ ಪ್ರತಿ ನಿಮ್ಮ ಸ್ವಂತ ಇಮೇಲ್‌ನಲ್ಲಿ ಇದ್ದರೆ ಅಲ್ಲಿ ಮಾತಾಡುವುದು ಸುಲಭವಾಗುತ್ತದೆ, ಇಲ್ಲದಿದ್ದರೆ ಇವತ್ತೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.