ಹಸುಗೂಸಿಗೆ ಸೂಜಿ ಚುಚ್ಚೋವಾಗ ನೋವು ಕಮ್ಮಿ ಮಾಡೋದು ಹೇಗೆ

ಮಗು ಹುಟ್ಟಿದ ಮೊದಲ ದಿನಗಳಲ್ಲೇ ವಿಟಮಿನ್ ಕೆ ಇಂಜೆಕ್ಷನ್, ಲಸಿಕೆ, ಹಿಮ್ಮಡಿ ಚುಚ್ಚಿ ರಕ್ತ ತಗೊಳ್ಳೋದು ಅಂತ ಒಂದರ ಹಿಂದೆ ಒಂದು ಬರುತ್ತೆ, ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಇರೋ ಕೂಸಾದ್ರೆ ದಿನಕ್ಕೆ ಎಷ್ಟೋ ಸಲ. ಆಗ "ನೀವು ಸ್ವಲ್ಪ ಹೊರಗಿರಿ" ಅಂತ ಹೇಳಬಹುದು. ಮರ್ಯಾದೆಯಿಂದಲೇ ಕೇಳಿ, ಆದ್ರೆ ಒಳಗೇ ಇರೋಕೆ ಕೇಳಿ, ಯಾಕಂದ್ರೆ ಕೆಲಸಕ್ಕೆ ಬರೋ ಉಪಾಯಗಳಲ್ಲಿ ಮುಕ್ಕಾಲು ಪಾಲು ಅಪ್ಪ ಅಮ್ಮನ ಕೈಲೇ ಇದೆ.

ಅಷ್ಟು ಚಿಕ್ಕ ಮಗುಗೆ ನೋವು ಗೊತ್ತಾಗಲ್ಲ ಅನ್ನೋ ಮಾತನ್ನ ಮಾತ್ರ ನಂಬಬೇಡಿ. 1980ರ ದಶಕದಲ್ಲೂ ಇದನ್ನೇ ನಂಬ್ಕೊಂಡು ಎಷ್ಟೋ ಕೂಸುಗಳಿಗೆ ಸರಿಯಾಗಿ ಅರಿವಳಿಕೆ ಕೊಡದೇನೇ ಆಪರೇಷನ್ ಮಾಡ್ತಿದ್ರು, ನೆನೆಸ್ಕೊಂಡ್ರೆ ಹೊಟ್ಟೆ ಕಿವುಚುತ್ತೆ. 1987ರಲ್ಲಿ ಡಾಕ್ಟರ್ ಕನ್ವಲ್‌ಜೀತ್ ಆನಂದ್ ಮತ್ತವರ ಜೊತೆಯವರು ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ನೋವಿನ ಔಷಧಿ ಕೊಟ್ರೆ ಆಪರೇಷನ್ನಿನ ಒತ್ತಡದ ಹಾರ್ಮೋನು ಕಮ್ಮಿ ಏರುತ್ತೆ, ತೊಂದರೆಗಳೂ ಕಮ್ಮಿ ಅಂತ ತೋರಿಸಿದ್ರು, ಆಮೇಲೆ ನಿಧಾನಕ್ಕೆ ವೈದ್ಯರ ಯೋಚನೆ ಬದಲಾಯ್ತು.

ಎಲ್ಲಕ್ಕಿಂತ ಸುಲಭದ್ದು ಎದೆಹಾಲು ಕುಡಿಸೋದು. ಚುಚ್ಚಿದ ಮೇಲೆ ಸಮಾಧಾನ ಮಾಡೋಕಲ್ಲ, ಚುಚ್ಚೋದಕ್ಕೆ ಮುಂಚೆನೇ ಶುರು ಮಾಡಿ, ಮಗು ಸರಿಯಾಗಿ ಬಾಯಿ ಹಾಕಿ ಚೀಪೋಕೆ ಶುರು ಮಾಡಿದ ಮೇಲೆ ನರ್ಸ್‌ಗೆ ಕಣ್ಸನ್ನೆ ಮಾಡಿ, ಚುಚ್ಚಿ ಮುಗಿಯೋ ತನಕ ಬಿಡಿಸಬೇಡಿ. ಹಾಲು ನೆತ್ತಿಗೆ ಹತ್ತುತ್ತೆ ಅಂತ ಕೆಲವರಿಗೆ ಭಯ ಇರುತ್ತೆ, ಆದ್ರೆ ಲಸಿಕೆ ಹಾಕೋವಾಗ ಎದೆಹಾಲು ಕುಡಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆನೇ 2015ರಲ್ಲಿ ಹೇಳಿದೆ.

ಕುಡಿಸೋಕೆ ಆಗದಿದ್ರೆ ಕಾಂಗರೂ ಕೇರ್. ಮಗುಗೆ ಬರೀ ಡೈಪರ್ ಹಾಕಿ ನಿಮ್ಮ ಬರಿ ಎದೆ ಮೇಲೆ ನೇರವಾಗಿ ಮಲಗಿಸ್ಕೊಂಡು ಮೇಲೆ ಬಟ್ಟೆ ಹೊದಿಸಿ, ಒಂದು ಹತ್ತು ಹದಿನೈದು ನಿಮಿಷ ಹಾಗೇ ಇದ್ದು ಮೈ ಸಡಿಲ ಆದ ಮೇಲೆ ಹಿಮ್ಮಡಿ ಚುಚ್ಚಲಿ. ಇದನ್ನ ಅಪ್ಪನೂ ಮಾಡಬಹುದು.

ಮಗುನ ಇನ್‌ಕ್ಯುಬೇಟರಿಂದ (ಕೂಸನ್ನ ಬೆಚ್ಚಗಿಡೋ ಪೆಟ್ಟಿಗೆ) ಎತ್ತೋ ಹಾಗಿಲ್ಲ ಅಂದ್ರೂ ಕೈಕಟ್ಟಿ ಕೂರಬೇಕಿಲ್ಲ. ಕೈ ತೊಳ್ಕೊಂಡು ಬೆಚ್ಚಗೆ ಮಾಡ್ಕೊಂಡು ಒಂದು ಅಂಗೈ ತಲೆಗೆ, ಇನ್ನೊಂದು ಮಡಿಸಿದ ಕಾಲಿಗೆ ಆನಿಸಿ, ಹೊಟ್ಟೇಲಿದ್ದಾಗ ಮುದುರಿಕೊಂಡಿದ್ದ ಹಾಗೆ ಹಿಡ್ಕೊಳ್ಳಿ. ಮೆಲ್ಲಗೆ ಸವರೋಕೆ ಹೋಗಬೇಡಿ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಅದು ಕಿರಿಕಿರಿ ಆಗಬಹುದು, ಅಲ್ಲಾಡಿಸದೆ ಇಟ್ಟ ಕೈನೇ ಹಿತ.

ಇನ್ನು ಸಿಹಿ ಹನಿ. ಆಸ್ಪತ್ರೆಲಿ ಶೇಕಡ 24ರ ಸುಕ್ರೋಸ್ (ಸಕ್ಕರೆ) ದ್ರಾವಣ ಇರುತ್ತಾ ಕೇಳಿ. ಚುಚ್ಚೋಕೆ ಸುಮಾರು 2 ನಿಮಿಷ ಮುಂಚೆ ಕೆಲವೇ ಹನಿ ನಾಲಿಗೆ ಮೇಲೆ ಬಿಟ್ಟು ಚೀಪೋಕೆ ನಿಪ್ಪಲ್ ಕೊಡ್ತಾರೆ. ನಾಲಿಗೆಗೆ ತಾಕಬೇಕು, ಟ್ಯೂಬಿಂದ ನೇರ ಹೊಟ್ಟೆಗೆ ಹಾಕಿದ್ರೆ ಆ ಉಪಯೋಗ ಸಿಗಲ್ಲ. ಇದರ ಪರಿಣಾಮ ಕೆಲವೇ ನಿಮಿಷ, ಎಷ್ಟು ಹನಿ ಎಷ್ಟು ಸಲ ಅನ್ನೋದನ್ನ ಡಾಕ್ಟರೇ ಹೇಳಲಿ. ಮನೇಲಿ ಸಕ್ಕರೆ ನೀರು ಮಾಡಿ ಕೊಡಬೇಡಿ, ಜೇನುತುಪ್ಪ ಅಂತೂ ವರ್ಷ ತುಂಬೋ ತನಕ ಬೇಡವೇ ಬೇಡ, ಬಾಟ್ಯುಲಿಸಂ ಅನ್ನೋ ಅಪಾಯದ ಕಾಯಿಲೆ ಬರಬಹುದು.

ಹಿಮ್ಮಡಿ ಚುಚ್ಚೋಕೆ ಪ್ಯಾರಾಸಿಟಮಾಲ್ ಆಗಲಿ, ಮರಗಟ್ಟಿಸೋ ಕ್ರೀಮ್ ಆಗಲಿ ಅಷ್ಟು ಕೆಲಸ ಮಾಡಲ್ಲ. ತಿಂಗಳು ತುಂಬಿ ಹುಟ್ಟಿದ ಮಗುಗೆ ಜಾಸ್ತಿ ರಕ್ತ ಬೇಕಿದ್ರೆ, ಪಳಗಿದ ಕೈ ಇದ್ದಲ್ಲಿ, ಹಿಮ್ಮಡಿ ಹಿಂಡೋದಕ್ಕಿಂತ ರಕ್ತನಾಳದಿಂದ ತೆಗೆದ್ರೆ ನೋವು ಕಮ್ಮಿ. ಎರಡು ಮೂರು ಟೆಸ್ಟಿದ್ರೆ ಒಂದೇ ಸಲ ತೆಗೀಬಹುದಾ ಅಂತನೂ ಕೇಳಿ, ಕೇಳೋದ್ರಲ್ಲಿ ಸಂಕೋಚ ಬೇಡ.

ಅಳು ಒಂದನ್ನೇ ನೋಡಬೇಡಿ. ಹುಬ್ಬು ಗಂಟಿಕ್ಕೋದು, ಕಣ್ಣು ಬಿಗಿಯಾಗಿ ಮುಚ್ಚೋದು, ಮೂಗಿನ ಪಕ್ಕ ಗೆರೆ ಆಳ ಆಗೋದು ಇವೆಲ್ಲ ನೋವಿನ ಗುರುತು. ತೀರಾ ಮುಂಚೆ ಹುಟ್ಟಿದ ಅಥವಾ ತುಂಬಾ ಸುಸ್ತಾದ ಕೂಸು ಅಳೋಕೂ ಶಕ್ತಿ ಇಲ್ಲದೆ ಸುಮ್ನೆ ಮಲಗಿರಬಹುದು, ಹಾಗಂತ ನೋವಿಲ್ಲ ಅಂದ್ಕೊಳ್ಳೋ ಹಾಗಿಲ್ಲ.

ಆಪರೇಷನ್ ಥರದ ದೊಡ್ಡ ವಿಷಯಕ್ಕೆ ಇವಿಷ್ಟೇ ಸಾಲಲ್ಲ, ಔಷಧಿ ಬೇಕೇ ಬೇಕು. ಯಾವ ಔಷಧಿ ಕೊಡ್ತೀರಾ, ನೋವಿನ ಸ್ಕೋರ್ (ನೋವು ಎಷ್ಟಿದೆ ಅಂತ ಅಳೆದು ಹಾಕೋ ಅಂಕ) ಎಷ್ಟು ಹೊತ್ತಿಗೊಮ್ಮೆ ನೋಡ್ತೀರಾ ಅಂತ ಮುಂಚೆನೇ ಡಾಕ್ಟರ್ ಹತ್ರ ಕೇಳಿ ಬರ್ಕೊಂಡಿರಿ.