50 ಜನ ಓದುತ್ತಿದ್ದರು, ಮೂವರು ಮಾತಾಡುತ್ತಿದ್ದೆವು

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮದೊಂದು ವಾಟ್ಸಾಪ್ ಗ್ರೂಪ್ ಇದೆ. ವಾರಕ್ಕೊಂದು ಕನ್ನಡ ಕಥೆ ಓದಿ ಮಾತಾಡೋಣ ಅಂತ 2022ರಲ್ಲಿ ಶುರು ಮಾಡಿದ್ದು. ಠಾಣೆ, ಕಲ್ಯಾಣ್ ಎಲ್ಲಾ ಸೇರಿ 62 ಜನ. ನಾನು ಅಡ್ಮಿನ್. ಮೊದಲ ನಾಲ್ಕು ತಿಂಗಳು ನಾನು ಬರೆಯೋದು, ರಿಟೈರ್ ಆದ ಇಬ್ಬರು ಮೇಷ್ಟ್ರು ಉತ್ತರ ಕೊಡೋದು, ಮಿಕ್ಕವರು ಹಬ್ಬಕ್ಕೊಂದು ಶುಭಾಶಯದ ಚಿತ್ರ ಹಾಕೋದು, ಇಷ್ಟೇ. ಮೆಸೇಜ್ ಇನ್ಫೋ ಒತ್ತಿ ನೋಡಿದರೆ 50 ಜನ ಓದಿರುತ್ತಿದ್ದರು! ಸಿಟ್ಟಿಗೆ ಒಂದು ದಿನ 'ಆಸಕ್ತಿ ಇಲ್ಲದವರು ಬಿಡಬಹುದು' ಅಂತ ಬರೆದೆ. ಇಬ್ಬರು ಬಿಟ್ಟೇ ಬಿಟ್ಟರು.

ಅದೇ ವಾರ ಬೆಳಗಿನ ಫಾಸ್ಟ್ ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ ಗ್ರೂಪಿನ ಒಬ್ಬ ಹುಡುಗಿ ಸಿಕ್ಕಳು. ಠಾಣೆಯಿಂದ ದಾದರ್‌ವರೆಗೆ, ಆ ನೂಕುನುಗ್ಗಲಲ್ಲೇ, ಆ ವಾರದ ಕಥೆಯಲ್ಲಿ ಬರೋ ಅತ್ತೆಯ ಬಗ್ಗೆ ನಮ್ಮ ಮೇಷ್ಟ್ರಿಗೂ ಹೊಳೆಯದ ಮಾತು ಹೇಳಿದಳು. ಇದನ್ನ ಗ್ರೂಪಲ್ಲಿ ಯಾಕೆ ಬರೀಲಿಲ್ಲ ಅಂದೆ.

"ಅಕ್ಕಾ, ನಾನು ಓದಿದ್ದು ಮರಾಠಿ ಮೀಡಿಯಂ. ಕಥೆ ಅಮ್ಮ ಗಟ್ಟಿಯಾಗಿ ಓದ್ತಾರೆ, ನಾನು ಕೇಳ್ತೀನಿ. ಅವತ್ತು ಯಾರೋ 'ಹಳೆಯ ಮನೆ'ಯನ್ನ 'ಅಳೆಯ ಮನೆ' ಅಂತ ಬರೆದಿದ್ದಕ್ಕೆ ಎಲ್ಲರೆದುರು ತಿದ್ದಿದ್ರಲ್ಲ, ಆಮೇಲೆ ಬೇಡ ಅನ್ನಿಸ್ತು."

ತಿದ್ದಿದ್ದು ನಾನೇ. ಕೊನೆಗೆ ಒಂದು ನಗೋ ಇಮೋಜಿ ಬೇರೆ ಹಾಕಿದ್ದೆ.

ರಾತ್ರಿ ಗ್ರೂಪಲ್ಲೇ ಕ್ಷಮೆ ಕೇಳಿದೆ, ಸುತ್ತು ಬಳಸದೆ. ಕನ್ನಡ ಲಿಪಿಯಲ್ಲೇ ಬರೆಯಬೇಕು ಅನ್ನೋ ನಿಯಮ ತೆಗೆದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ, ಇಲ್ಲಾಂದ್ರೆ ವಾಯ್ಸ್ ಕಳಿಸಿ ಅಂದೆ. ಮೊದಲ ವಾಯ್ಸ್ ನಂದೇ, ಹಿಂದೆ ಕುಕ್ಕರ್ ಕೂಗ್ತಾ ಇತ್ತು, ನಡುವೆ ಎರಡು ಸಲ ಮಾತು ಮರೆತೆ, ಆದರೂ ಅಳಿಸಿ ಮತ್ತೆ ಮಾಡಲಿಲ್ಲ. ಆ ವಾರ ನಾಲ್ಕು ವಾಯ್ಸ್ ಬಂದವು. ಬರೆಯುವಾಗ ಎಲ್ಲರೂ ಪುಸ್ತಕದ ಹಾಗೆ ಬರೆಯುತ್ತಿದ್ದರು, ಈಗ ಧಾರವಾಡದ 'ಹೌದ್ರೀ', ಮಂಗಳೂರಿನ 'ಮಾರಾಯ್ರೆ' ಎಲ್ಲಾ ಹೊರಗೆ ಬಂತು.

ಕೇಳುವ ಪ್ರಶ್ನೆಯನ್ನೂ ಬದಲಾಯಿಸಿದೆ. 'ಕಥೆ ಹೇಗಿತ್ತು?' ಅಂದ್ರೆ ಹೆಬ್ಬೆಟ್ಟು ಬರುತ್ತೆ ಅಷ್ಟೇ. ಊರು ಬಿಟ್ಟ ಹುಡುಗನ ಕಥೆ ಇದ್ದ ವಾರ 'ಮುಂಬಯಿಗೆ ಬಂದ ಮೊದಲ ರಾತ್ರಿ ಎಲ್ಲಿ ಮಲಗಿದ್ರಿ?' ಅಂತ ಕೇಳಿದೆ. ಒಂದೇ ಸಂಜೆ 17 ಉತ್ತರ! ಹೋಟೆಲಲ್ಲಿ ಟೇಬಲ್ ಜೋಡಿಸಿ ಮಲಗಿದ್ದು, ಕನ್ನಡ ರಾತ್ರಿ ಶಾಲೆಗೆ ಹೋಗಿ ಬರುವಷ್ಟರಲ್ಲಿ ಊಟ ಮುಗಿದಿರುತ್ತಿದ್ದದ್ದು, ಮಾಲೀಕ ಹೊಡೆದದ್ದು, ಎಲ್ಲಾ ಹೇಳಿದವರು 70 ದಾಟಿದ ಒಬ್ಬ ಹಿರಿಯರು. ಅಲ್ಲಿವರೆಗೆ ಗ್ರೂಪಲ್ಲಿ ಬಾಯಿ ಬಿಟ್ಟವರಲ್ಲ.

ಫಾರ್ವರ್ಡ್‌ಗಳ ಕಾಟ ಬೇಗ ಹೇಳಿ ಮುಗಿಸ್ತೀನಿ. ಒಮ್ಮೆ ರಾಜಕೀಯದ್ದು ಬಂದು ಜಗಳ ಆದಾಗ ಅಡ್ಮಿನ್ ಮೇಲೆ ಕೇಸ್ ಆಗುತ್ತೆ ಅಂತ ಯಾರೋ ಹೆದರಿಸಿದರು, ನಾನು ಮೂರು ವಾರ ಗ್ರೂಪಿಗೇ ಬೀಗ ಹಾಕಿದೆ. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಅನ್ನೋ ಕಾರಣಕ್ಕೇ ಹೊಣೆ ಮಾಡೋಕಾಗಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲೇ ಹೇಳಿತ್ತು, ನನಗೆ ಗೊತ್ತಾಗಿದ್ದು ಆಮೇಲೆ. ಈಗ ಎರಡು ಬಾಣದ ಗುರುತಿನ, ಅಂದ್ರೆ ತುಂಬಾ ಸಲ ಕೈ ಬದಲಾದ, ಫಾರ್ವರ್ಡ್ ಕಂಡರೆ ಕಳಿಸಿದವರಿಗೆ ಮೊದಲು ಖಾಸಗಿಯಾಗಿ ಹೇಳಿ, ಆಮೇಲೆ ಅಳಿಸ್ತೀನಿ.

ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ಆ ಹಿರಿಯರ ವಾಯ್ಸನ್ನ ನಮ್ಮವರೇ ಒಬ್ಬರು ಮೆಚ್ಚಿ ಇನ್ನೊಂದು ಗ್ರೂಪಿಗೆ ಕಳಿಸಿದರು. ಅಲ್ಲಿಂದ ಅದು ಹಿರಿಯರ ಸೊಸೆಯ ತವರಿಗೆ ಹೋಯ್ತು. ಹೊಡೆತ ತಿಂದ ಕಥೆ ಮನೆಯಲ್ಲಿ ಅವರು ಯಾರಿಗೂ ಹೇಳಿರಲಿಲ್ಲ. ಕಳಿಸಿದವರನ್ನ ಕರೆದುಕೊಂಡು ಹಿರಿಯರ ಮನೆಗೆ ಹೋದೆ. ಅವರು ಚಹಾ ಕೊಟ್ಟರು, "ಇರ್ಲಿ ಬಿಡಿ" ಅಂದರು. ಇಲ್ಲಿನ ಮಾತು ಹೊರಗೆ ಹೋಗಬೇಕಾದ್ರೆ ಹೇಳಿದವರನ್ನ ಕೇಳಬೇಕು ಅಂತ ಅವತ್ತೇ ಗ್ರೂಪಿನ ವಿವರಣೆಯಲ್ಲಿ ಬರೆದೆ.

ಆ ಹುಡುಗಿ ಈಗ ತಿಂಗಳಿಗೊಮ್ಮೆ ಕಥೆ ಆರಿಸ್ತಾಳೆ. ಹಿರಿಯರು ಮಾತ್ರ ಗ್ರೂಪಲ್ಲಿ ಮತ್ತೆ ಮಾತಾಡಿಲ್ಲ. ಕಥೆ ಹಾಕಿದ ಮರುದಿನ ನನಗೊಬ್ಬಳಿಗೇ ವಾಯ್ಸ್ ಕಳಿಸ್ತಾರೆ. ಗ್ರೂಪಿಗೆ ಹಾಕ್ಲಾ ಅಂತ ನಾನು ಇನ್ನೂ ಕೇಳಿಲ್ಲ.